ಟೊಮ್ಯಾಟೊ ತೊಳೆದ ನೀರು

ಸಾಸ್ ಕಾರ್ಖಾನೆಯಲ್ಲಿ ಟೊಮ್ಯಾಟೊ ತೊಳೆದ ನೀರು ಕಾಲುವೆ ಹಿಡಿದು, ಮಡಿ ಕಟ್ಟಿದ್ದ ಜೋಳದ ಹೊಲಕ್ಕೆ ಬಂದಿತು. ಎರೆಹುಳು ಮಣ್ಣಿನಿಂದ ತಲೆಯೆತ್ತಿತು.

"ಇವತ್ತು ಮೊದಲನೆಯ ಮಡಿಗೆ ಮಾತ್ರ ಬಾ. ಅದು ಆರಿದ ಮೇಲೆ ಪಕ್ಕದ್ದಕ್ಕೆ."

"ನಾನು ತಂದಿರುವುದು ಹಣ್ಣಿನ ಸಾರ," ಎಂದಿತು ನೀರು. "ಕೊಡಲು ಬಂದವರನ್ನು ಬಾಗಿಲಲ್ಲೇ ನಿಲ್ಲಿಸುತ್ತೀಯಾ?"

"ಸಾರವಾದರೂ ನಾವು ಉಣ್ಣಬೇಕಲ್ಲ. ತುತ್ತು ದೊಡ್ಡದಾದರೆ ಗಂಟಲಿಗೆ ಸಿಕ್ಕುತ್ತದೆ."

ನೀರು ಕೇಳಲಿಲ್ಲ. ಬದು ಒಡೆದು ಎಲ್ಲ ಮಡಿಗಳಿಗೂ ನುಗ್ಗಿತು. ಮೂರನೆಯ ದಿನಕ್ಕೆ ನಿಂತಲ್ಲೇ ಕೊಳೆತು ನಾರತೊಡಗಿತು. ಜೋಳ ಹಳದಿಯಾಯಿತು. ಉಸಿರು ಕಟ್ಟಿದ ಎರೆಹುಳುಗಳು ಬದು ಹತ್ತಿದವು. ಕಾಗೆಯೂ ಆ ನೀರಿಗೆ ಕೊಕ್ಕು ಅದ್ದಲಿಲ್ಲ.

"ನನ್ನನ್ನು ಕೆರೆಗೆ ಬಿಟ್ಟುಬಿಡು," ಎಂದು ನೀರು ಅಂಗಲಾಚಿತು.

"ಕೆರೆಯ ಮೀನುಗಳು ಏನು ತಪ್ಪು ಮಾಡಿವೆ? ನೀನು ಇಲ್ಲೇ ಇಂಗಬೇಕು."

ಎರೆಹುಳು ತನ್ನ ಬಳಗ ಕಟ್ಟಿಕೊಂಡು ಬದುವಿನ ಒಣಮಣ್ಣಿನಿಂದ ಒಳಕ್ಕೆ ಕೊರೆಯತೊಡಗಿತು. ದಿನಕ್ಕೆ ಒಂದು ಗೇಣು ಸಾಗಿತು ಕೆಲಸ. ಅರ್ಧ ಬಳಗ ಸತ್ತಿತು. ಉಳಿದವು ಕೊರೆಯುವುದನ್ನು ಬಿಡಲಿಲ್ಲ. ಹನ್ನೆರಡನೆಯ ದಿನ ಕೊನೆಯ ಹನಿಯೂ ಇಂಗಿತು, ಜೋಳದ ಸುಳಿ ಹಸಿರಾಯಿತು.

ಮರುವಾರ ಕಾರ್ಖಾನೆಯ ನೀರು ಮತ್ತೆ ಬಂದಿತು. ಯಾರಾದರೂ ತಡೆಯುವ ಮೊದಲೇ ಬದುವಿನ ಬಳಿ ನಿಂತು ಕೇಳಿತು:

"ಎರೆಯಣ್ಣಾ, ಇವತ್ತು ಯಾವ ಮಡಿ?"