ಎರಡು ಹಗ್ಗದ ಬಲೆ

“ಗುರುಗಳೇ, ಕೆಲಸದಲ್ಲಿ ನನ್ನನ್ನು ಮೀರಿಸುವವರಿಲ್ಲ. ಆದರೂ ಮೇಸ್ತ್ರಿಯ ಜಾಗಕ್ಕೆ ಯಾರ ಬಾಯಲ್ಲೂ ನನ್ನ ಹೆಸರು ಯಾಕೆ ಬರುವುದಿಲ್ಲ?”

ಕೇಳಿದವನು ಹೆಂಚಿನ ಕಾರ್ಖಾನೆಯಲ್ಲಿ ದುಡಿಯುವ ಶಿಷ್ಯ. ಕೂರಲೂ ಇಲ್ಲ. ಜಗಲಿಯ ಆ ತುದಿಯಿಂದ ಈ ತುದಿಗೆ ನಡೆಯುತ್ತಲೇ ಕೇಳಿದ. ಅವನ ಹಿಂದೆಯೇ ಇನ್ನೊಬ್ಬ ಏದುಸಿರು ಬಿಡುತ್ತ ಬಂದು ಅಂಗಳದಲ್ಲಿ ನಿಂತ.

“ಅವನು ಯಾರು?” ಎಂದರು ಗುರುಗಳು.

“ಹೆಂಚು ಸುಡುವ ಆವೆಯಲ್ಲಿ ನನ್ನ ಜೊತೆ ಹೆಂಚು ಜೋಡಿಸುವವನು. ದಾರಿಯುದ್ದಕ್ಕೂ ‘ಒಂದು ಮಾತು, ಒಂದು ಮಾತು’ ಎಂದು ಬೆನ್ನು ಹತ್ತಿದ್ದಾನೆ. ಮಾಲೀಕರು ಇವತ್ತು ಸಂಜೆ ಮೇಸ್ತ್ರಿಯನ್ನು ಆರಿಸುತ್ತಾರಲ್ಲ, ಆಡಿಕೊಳ್ಳಲು ಬಂದಿರಬೇಕು. ಅವನನ್ನು ಬಿಡಿ. ಇಬ್ಬರ ಕೆಲಸ ನಾನೊಬ್ಬನೇ ಎತ್ತುತ್ತೇನೆ. ಬೇಕಾದರೆ ಊರಲ್ಲಿ ಕೇಳಿ!”

ಗುರುಗಳು ಊರಲ್ಲಿ ಕೇಳಲಿಲ್ಲ. ಕತೆ ಹೇಳಿದರು.

ಕಡಲ ದಡದ ಊರೊಂದರಲ್ಲಿ ಎಲ್ಲರೂ ಸೇರಿ ಎಳೆಯುವ ದೊಡ್ಡ ಬಲೆಯಿತ್ತು. ದೋಣಿಯವರು ಅದನ್ನು ಕಡಲಲ್ಲಿ ಅರ್ಧ ಸುತ್ತು ಬಿಟ್ಟು ಬರುತ್ತಿದ್ದರು. ಅದರ ಎರಡು ತುದಿಯ ಹಗ್ಗಗಳು ದಡದಲ್ಲಿ. ಉತ್ತರದ್ದು ಬಡಗು ಹಗ್ಗ, ದಕ್ಷಿಣದ್ದು ತೆಂಕು ಹಗ್ಗ. ಒಂದೊಂದಕ್ಕೆ ಒಂದೊಂದು ತಂಡ. ಎರಡೂ ತಂಡ ಸಮನಾಗಿ ಎಳೆದರೆ ಮೀನು ಒಳಗೆ. ಒಂದು ಕಡೆ ಮುಂದಾದರೆ ಬಲೆ ಓರೆಯಾಗಿ ಮೀನು ಹೊರಗೆ. ಅಲೆಯ ಸದ್ದಿಗೆ ಆಚೆಯವರ ಕೂಗು ಈಚೆ ಕೇಳಿಸದು. ಅದಕ್ಕೇ ತಲೆಯ ಬಟ್ಟೆ ಬಿಚ್ಚಿ ಮೇಲೆತ್ತಿದರೆ ‘ನಿಲ್ಲಿ’ ಎಂದು ಅರ್ಥ. ಯಾಕೆ ನಿಲ್ಲಬೇಕು ಎಂಬುದನ್ನು ಬಟ್ಟೆ ಹೇಳದು. ಅದನ್ನು ಒಬ್ಬ ಓಡಿ ಹೋಗಿ ಕೇಳಿಕೊಂಡು ಬರಬೇಕು.

ಬಲೆಯ ಯಜಮಾನನಿಗೆ ವಯಸ್ಸಾಗಿತ್ತು. ತನ್ನ ನಂತರ ಯಜಮಾನಿಕೆ ಬಡಗಿನ ಮುಂದಾಳಿಗೋ ತೆಂಕಿನ ಮುಂದಾಳಿಗೋ ಎಂದು ಅವನಿನ್ನೂ ಬಾಯಿ ಬಿಟ್ಟಿರಲಿಲ್ಲ. ಬಡಗಿನವನ ತೋಳಿಗೆ ಆ ದಡದಲ್ಲಿ ಜೋಡಿಯಿರಲಿಲ್ಲ. ಅದನ್ನು ಅವನೇ ಎಲ್ಲರಿಗೂ ಹೇಳುತ್ತಿದ್ದ. ಕೂತರೂ ನಿಂತರೂ ಅವನಿಗೆ ಯಜಮಾನಿಕೆಯದೇ ಚಡಪಡಿಕೆ.

ಮಳೆಗಾಲ ಕಳೆದ ಮೇಲೆ ಒಂದು ಬೆಳಿಗ್ಗೆ ಬಂಗುಡೆಯ ಮೊದಲ ಹಿಂಡು ಬಲೆಗೆ ಬಿತ್ತು. ಊರಿನ ಒಲೆಗಳೆಲ್ಲ ಅದನ್ನೇ ಕಾಯುತ್ತಿದ್ದವು.

“ಎಳೀರೋ!” ಎಂದು ಬಡಗಿನವನು ಅಬ್ಬರಿಸಿದ. “ತೆಂಕಿನವರು ಮೈ ಮುರಿಯುವಷ್ಟರಲ್ಲಿ ನಮ್ಮ ಹಗ್ಗ ಮುಗಿಯಬೇಕು!”

ಅರ್ಧ ಹಗ್ಗ ಬಂದಿತ್ತು. ದಡದ ತೆಂಕು ತುದಿಯಲ್ಲಿ ಬಟ್ಟೆ ಮೇಲೆದ್ದಿತು.

“ನಿಲ್ಲಿ ಅಂತಿದ್ದಾರೆ ಮಾರಾಯ,” ಎಂದ ಹಗ್ಗದಲ್ಲಿ ಅವನ ಹಿಂದಿದ್ದವನು. “ಓಡಿ ಹೋಗಿ ಕೇಳಿ ಬರಲಾ?”

“ಕೇಳುವುದೇನು ಮಣ್ಣು! ಕೈ ಸೋತಿರಬೇಕು. ಎಳಿ!”

ಬಟ್ಟೆ ಇಳಿಯಲಿಲ್ಲ. ಇವನೂ ನಿಲ್ಲಲಿಲ್ಲ.

“ಸರಿಯಾಗಿಯೇ ಮಾಡಿದ,” ಎಂದು ಶಿಷ್ಯ ನಡುವೆ ಬಾಯಿ ಹಾಕಿದ. “ಸೋಮಾರಿಗಳಿಗೆ ಕಾದು ಕೂತರೆ ಕೆಲಸ ಆಗುತ್ತದೆಯೇ?”

ಅಂಗಳದಲ್ಲಿದ್ದವನು ಒಂದು ಹೆಜ್ಜೆ ಮುಂದೆ ಬಂದು ಬಾಯಿ ತೆರೆದ. ಶಿಷ್ಯ ಅತ್ತ ನೋಡದೆಯೇ ಕೈ ಬೀಸಿ ಅವನನ್ನು ತಡೆದ. ಗುರುಗಳು ಕತೆ ಮುಂದುವರಿಸಿದರು.

ಬಡಗು ಹಗ್ಗ ಮೊದಲು ಮುಗಿಯಿತು. ಬಲೆ ಓರೆಯಾಯಿತು. ನೀರು ಒಮ್ಮೆ ಬೆಳ್ಳಗೆ ಮಿನುಗಿತು. ಹಿಂಡು ಬಂದ ದಾರಿಯಲ್ಲೇ ಕಡಲಿಗೆ ಮರಳಿತು. ದಡಕ್ಕೆ ಬಂದದ್ದು ಪಾಚಿ, ನಾಲ್ಕಾರು ಏಡಿ.

ಬಡಗಿನವನು ಮರಳಲ್ಲಿ ಓಡಿಹೋಗಿ ತೆಂಕಿನವನ ಮೇಲೆ ಹರಿಹಾಯ್ದ. “ನಿನ್ನಿಂದ ಊರಿಗೇ ಉಪವಾಸವಲ್ಲೋ!”

ತೆಂಕಿನವನು ಕುತ್ತಿಗೆಯವರೆಗೆ ನೆನೆದಿದ್ದ. ಅಂಗೈ ಕಿತ್ತು ರಕ್ತ ಬರುತ್ತಿತ್ತು. “ಹಗ್ಗ ಬಂಡೆಗೆ ಸಿಕ್ಕಿಕೊಂಡಿತ್ತು. ಬಿಡಿಸುವವರೆಗೆ ನಿಲ್ಲಿ ಎಂದೆವು. ಬಟ್ಟೆ ಕಾಣಲಿಲ್ಲವೇನೋ?”

“ಕಂಡಿತು. ಸೋತಿರಿ ಅಂದುಕೊಂಡೆ.”

ಮುದುಕ ಯಜಮಾನ ಅಲ್ಲೇ ನಿಂತಿದ್ದ. “ಕಾಣಲಿಲ್ಲ ಅಂದಿದ್ದರೆ ನಿನ್ನ ಕಣ್ಣಿಗೆ ಮದ್ದು ಹುಡುಕುತ್ತಿದ್ದೆ, ಮಗಾ,” ಎಂದ. ತೆಂಕಿನವನ ಕಡೆ ತಿರುಗಿ, “ನಾಳೆಯಿಂದ ಬಲೆ ನಿನ್ನದು” ಎಂದ.

ಗುರುಗಳು ಅಲ್ಲಿಗೆ ನಿಲ್ಲಿಸಿದರು. ಶಿಷ್ಯ ಇನ್ನೂ ನಡೆಯುತ್ತಲೇ ಇದ್ದ.

“ಆ ಬಡಗಿನವನೊಬ್ಬ ದಡ್ಡ,” ಎಂದ. “ಏನು ಎತ್ತ ಎಂದು ಕೇಳಿದ್ದರೆ ಮುಗಿದುಹೋಗುತ್ತಿತ್ತು. ನಾನಾಗಿದ್ದರೆ ನಾನೇ ಓಡುತ್ತಿದ್ದೆ, ದಡದ ಆ ತುದಿಯವರೆಗೂ! ಅದಿರಲಿ, ನನ್ನ ಪ್ರಶ್ನೆಗೆ ಉತ್ತರ ಎಲ್ಲಿ?”

ಗುರುಗಳು ಅಂಗಳದ ಕಡೆ ನೋಡಿದರು.

“ಅಷ್ಟು ದೂರ ಓಡಬೇಡ, ಅಂಗಳಕ್ಕೆ ಇಳಿದು, ಅವನು ಯಾಕೆ ಬಂದನೆಂದು ಕೇಳು.”

ಜಗಲಿಯ ಮೇಲಿನ ನಡಿಗೆ ನಿಂತಿತು.