ಪ್ರತಿ ಸಾಲಿಗೂ ಗೌಡರ ಹೆಸರು

ಕಲ್ಯಾಣಮಂಟಪದ ಗುಮಾಸ್ತೆ ಪಂಕಜ ಮೂರು ತಿಂಗಳು ಕಂಪ್ಯೂಟರ್ ಪ್ರೋಗ್ರಾಮು ಬರೆಯೋದು ಕಲಿತು, ಮದುವೆ ದಿನ ಕಾಯ್ದಿರಿಸುವ ವೆಬ್ ಪುಟವನ್ನು ತಾನೇ ಮಾಡಿದಳು. ಉದ್ಘಾಟನೆಯ ಬೆಳಿಗ್ಗೆ ಅಧ್ಯಕ್ಷ ತಿರುಮಲೇಗೌಡರು ಬಂದರು. ಹಣೆಯಲ್ಲಿ ಉದ್ದನೆಯ ನಾಮ, ಕೈಯಲ್ಲಿ ಬೆಳ್ಳಿ ಹಿಡಿಯ ಕೋಲು.

"ಮಂಟಪದ ಕಂಬಕಂಬದಲ್ಲೂ ನನ್ನ ಹೆಸರಿದೆ ಕಣಮ್ಮ. ನಿನ್ನ ಪ್ರೋಗ್ರಾಮಿನ ಸಾಲುಸಾಲಲ್ಲೂ ಇರಬೇಕು. ಇಲ್ಲಾಂದ್ರೆ ನಾಳೆಯಿಂದ ನೀನು ಬರೋದು ಬೇಡ."

ಪಂಕಜಳಿಗೆ ಪೀಕಲಾಟಕ್ಕಿಟ್ಟುಕೊಂಡಿತು. ಕಂಪ್ಯೂಟರಿಗೆ ಅರ್ಥವಾಗದ ಒಂದೇ ಪದ ನಡುವೆ ಸೇರಿದರೂ ಪುಟ ನಿಂತುಬಿಡುತ್ತದೆ. ಸ್ವಲ್ಪ ಯೋಚಿಸಿದಳು. ಪ್ರತಿ ಸಾಲಿನ ಕೊನೆಗೆ ಎರಡು ಓರೆಗೀಟು ಹಾಕಿ, ಆಮೇಲೆ ಗೌಡರ ಹೆಸರು ಬರೆದಳು. ಆ ಗೀಟಾದ ಮೇಲೆ ಸಾಲಿನಲ್ಲಿ ಏನೇ ಬರೆದರೂ ಕಂಪ್ಯೂಟರು ಓದುವುದಿಲ್ಲ. ಅದು ಮನುಷ್ಯರ ಟಿಪ್ಪಣಿಗೆ ಬಿಟ್ಟ ಜಾಗ.

ಪುಟ ಸಲೀಸಾಗಿ ತೆರೆಯಿತು. ಗೌಡರು ಕನ್ನಡಕ ಏರಿಸಿ ಪ್ರೋಗ್ರಾಮು ನೋಡಿದರು. ನೂರಹನ್ನೆರಡು ಸಾಲು, ನೂರಹನ್ನೆರಡು ತಿರುಮಲೇಗೌಡರು.

"ಪುಟದಲ್ಲಿ ಮಾತ್ರ ಹೆಸರು ಕಾಣಿಸಲ್ವಲ್ಲ?"

"ದೊಡ್ಡವರ ಹೆಸರು ಹಿಡಿದು ಕೂಗೋ ಅಭ್ಯಾಸ ಕಂಪ್ಯೂಟರಿಗಿಲ್ಲ ಸಾರ್. ತಲೆ ತಗ್ಗಿಸಿ ದಾಟಿಕೊಂಡು ಹೋಗುತ್ತೆ."

"ಹೆಸರಿಗೆ ಮುಂಚೆ ಈ ಎರಡು ಗೀಟು?"

"ನಾಮ ಸಾರ್."

ಗೌಡರು ಹಣೆ ಮುಟ್ಟಿಕೊಂಡರು. ಅವರ ಕಣ್ಣು ತುಂಬಿತು. ಸೀದಾ ಸಭೆಗೆ ಹೋಗಿ ಮೈಕು ಹಿಡಿದರು.

"ಮಹನೀಯರೇ, ಇಂಥ ಹುಡುಗಿ ಎಲ್ಲೂ ಸಿಗಲ್ಲ. ಒಂದು ಸಾಲನ್ನೂ ಬಿಡದೆ ನನಗೆ ನಾಮ ಹಾಕಿದ್ದಾಳೆ."

ಸಭೆ ಬಿದ್ದು ಬಿದ್ದು ನಕ್ಕಿತು. ಅದನ್ನು ಕೇಳಿ ಹುರುಪೇರಿದ ಗೌಡರು ಅದೇ ಮಾತನ್ನು ಇನ್ನೊಂದು ಸಲ ಹೇಳಿದರು.