ಅತ್ತೆಯ ಮಗ್ಗುಲು ಬೇಡವೆಂದವಳು

"ಅಜ್ಜಾರ, ಬದುಕಿದ್ದವರಿಗೆ ಕೊಟ್ಟ ಮಾತು ತಪ್ಪಿದರೆ ಕೈ ಮುಗಿದು ತಪ್ಪಾಯಿತು ಅನ್ನಬಹುದು. ಸತ್ತವರಿಗೆ ಕೊಟ್ಟ ಮಾತು ತಪ್ಪಿದರೆ ಏನು ಮಾಡಬೇಕು?" ಎಂದು ಶಿಷ್ಯ ಕೇಳಿದ.

ಮಠದ ಅಜ್ಜಾರು ಒಂದು ಕತೆ ಹೇಳಿದರು.

"ಅತ್ತಿ ಮಗ್ಗಲಕ ಮಾತ್ರ ನನ್ನ ಇಡಬ್ಯಾಡ್ರಿ." ಒಬ್ಬ ಹಿಟ್ಟಿನ ಗಿರಣಿಯವನಿಗೆ ಅವನ ಹೆಂಡತಿ ಹೇಳಿದ ಕೊನೆಯ ಮಾತು ಇದು. ಅವನು "ಆತು" ಅಂದ. ಅವನು ಯಾವಾಗಲೂ ಅಷ್ಟೇ ಅನ್ನುತ್ತಿದ್ದ. ಅವಳು ಕಣ್ಣು ಮುಚ್ಚಿದಳು.

ಅವನ ತಾಯಿ ತೀರಿಹೋಗಿ ಬಹಳ ವರ್ಷವಾಗಿತ್ತು. ಆಕೆ ಇದ್ದಷ್ಟು ದಿನ ಅತ್ತೆ ಸೊಸೆ ಜಗಳಾಡಿದರು. ರೊಟ್ಟಿ ದಪ್ಪವಾದರೆ ಜಗಳ, ತೆಳುವಾದರೆ ಜಗಳ. ಜಗಳ ಶುರುವಾದ ಕೂಡಲೇ ಅವನು ಎದ್ದು ಹೋಗಿ ಗಿರಣಿ ಚಾಲೂ ಮಾಡುತ್ತಿದ್ದ. ಬೀಸಲು ಜೋಳ ಇಲ್ಲದಿದ್ದರೂ ಮಾಡುತ್ತಿದ್ದ. ಗಿರಣಿಯ ಸದ್ದಿನಲ್ಲಿ ಯಾರ ಮಾತೂ ಕೇಳುತ್ತಿರಲಿಲ್ಲ. ತಾಯಿ ಸತ್ತ ಮೇಲೂ ಹೆಂಡತಿ ಆ ಜಗಳ ಬಿಡಲಿಲ್ಲ. ಒಲೆಯ ಮುಂದೆ ಕೂತು ಒಬ್ಬಳೇ ಎರಡೂ ಕಡೆಯ ಮಾತು ಆಡುತ್ತಿದ್ದಳು.

ಬಿದಿರು, ಹೂವಿನ ವಿಮಾನ ಕಟ್ಟಿ ಹೆಂಡತಿಯನ್ನು ಅದರಲ್ಲಿ ಕೂರಿಸಿ, ಹೊತ್ತು ರುದ್ರಭೂಮಿಗೆ ಒಯ್ದರು. ನಮ್ಮವರ ಪದ್ಧತಿಯಂತೆ ಕುಣಿಯಲ್ಲಿ ಕೂರಿಸಿ ಮಣ್ಣು ಕೊಟ್ಟರು. ಕುಣಿ ಎಲ್ಲಿ ತೋಡಿದ್ದರು, ಯಾರು ತೋಡಿದ್ದರು, ಅವನು ನೋಡಲಿಲ್ಲ. ಜನ ಕೈ ಹಿಡಿದು ನಡೆಸಿದರು, ಅವನು ನಡೆದ.

ಮೂರನೆಯ ದಿನ ಹಾಲು ಎರೆಯಲು ಹೋದಾಗ ಅವನಿಗೆ ಹೆಂಡತಿಗೆ ಕೊಟ್ಟ ಮಾತು ನೆನಪಾಯಿತು. ತಾಯಿಯನ್ನು ಹೂತದ್ದೂ ಇದೇ ರುದ್ರಭೂಮಿಯಲ್ಲಿ. ಎಲ್ಲಿ ಎಂಬುದು ಮಾತ್ರ ಮರೆತುಹೋಗಿತ್ತು.

ಮೊದಲ ವರ್ಷ ಅವನೂ ಬಂದು ಎಡೆ ಇಟ್ಟಿದ್ದ. ಆಮೇಲೆ ಬರಲಿಲ್ಲ. ಹಿರಿಯರಿಗೆ ಎಡೆ ಇಡುವ ಅಮಾವಾಸ್ಯೆಯ ಹೊತ್ತಿಗೇ ಗಿರಣಿಯಲ್ಲಿ ಗದ್ದಲ ಇರುತ್ತಿತ್ತು. ಕಲ್ಲು ಹಾಕಿಸಬೇಕು ಅಂದುಕೊಂಡಿದ್ದ. ಅದೂ ಹಾಗೇ ಉಳಿಯಿತು. ಒಂದು ಬೇವಿನ ಗಿಡದ ಬುಡ ಎಂಬ ನೆನಪಿತ್ತು. ಊರು ಬೆಳೆದ ಹಾಗೆ ರುದ್ರಭೂಮಿಯೂ ಬೆಳೆದಿತ್ತು. ಈಗ ಎತ್ತ ನೋಡಿದರೂ ಬೇವು.

ಹೆಂಡತಿಯ ಎಡಕ್ಕೆ ಒಂದು ಮಣ್ಣಿನ ದಿಬ್ಬ ಇತ್ತು. ಅದು ಯಾರದೋ. ತಾಯಿಯದಾಗಿದ್ದರೆ ಮಾತು ತಪ್ಪಿದಂತೆಯೇ. ಅವನು ಅತ್ತ ನೋಡದೆ ತಾಯಿಯನ್ನು ಹುಡುಕಲು ಹೊರಟ. ಎಷ್ಟು ದೂರ ಸಿಕ್ಕರೆ ಅಷ್ಟು ಒಳ್ಳೆಯದು ಎಂದು ಪಡುವಣ ಗೋಡೆಯಿಂದ ಶುರು ಮಾಡಿದ.

ಓದು ಅವನಿಗೆ ಅಷ್ಟಕ್ಕಷ್ಟೇ. ಒಂದೊಂದೇ ಅಕ್ಷರ ಕೂಡಿಸಿಕೊಂಡು ಕಲ್ಲುಗಳನ್ನು ಓದಿದ. ಗೋಡೆಯ ಹತ್ತಿರ ಒಂದರ ಮೇಲೆ ಈರವ್ವ ಎಂದಿತ್ತು. ತಾಯಿಯ ಹೆಸರೂ ಅದೇ. ಆ ಕಲ್ಲು ತಾನು ಹಾಕಿಸಿದ್ದಲ್ಲ ಎಂದು ಅವನಿಗೆ ಗೊತ್ತಿತ್ತು. ಆದರೆ ದೂರವಿತ್ತು. ಅದಕ್ಕೆ ಮನಸ್ಸು ಒಪ್ಪಿಕೊಂಡಿತು. ಕಾಯಿ ಒಡೆದ, ಊದಿನಕಡ್ಡಿ ಹಚ್ಚಿದ, ಅಡ್ಡಬಿದ್ದ. ಏಳುವಷ್ಟರಲ್ಲಿ ಹಿಂದೆ ಒಬ್ಬ ಹೆಂಗಸು ಬಂದು ನಿಂತಿದ್ದಳು.

"ಯಾರ್ರೀ ನೀವು? ನಮ್ಮ ಅಜ್ಜಿಗೆ ಯಾಕ ಕಾಯಿ ಒಡದ್ರಿ?"

"ನಮ್ಮವ್ವ ರೀ" ಅಂದ.

"ಹಂಗಾರ ನೀವು ನಮಗ ಕಾಕಾ ಆದ್ರಿ. ಇಷ್ಟು ದಿನಾ ಎಲ್ಲಿದ್ರಿ ಕಾಕಾ? ಹೊಲದಾಗ ಪಾಲು ಕೇಳಾಕ ಬಂದೀರೇನು?"

ಅವನು ಉಳಿದ ಊದಿನಕಡ್ಡಿ ಎತ್ತಿಕೊಂಡು ಹೊರಟ. ಕಾಯಿಯನ್ನು ಅವಳು ಕೊಡಲಿಲ್ಲ.

ಬೇರೆ ದಾರಿ ಕಾಣದೆ ಕುಣಿ ತೋಡುವವನನ್ನು ಹುಡುಕಿ ಕೇಳಿದ.

"ಈರವ್ವ ಅಂದ್ರ ಇಲ್ಲಿ ಭಾಳ ಮಂದಿ ಅದಾರ್ರಿ ಯಜಮಾನ್ರ. ಎಂಥಾ ಈರವ್ವ?"

"ಗಟ್ಟಿ ದನಿಯಾಕಿ."

"ಇಲ್ಲಿಗೆ ಬಂದ ಮ್ಯಾಲೆ ಎಲ್ಲಾರ ದನಿನೂ ಒಂದ ನೋಡ್ರಿ. ಆಕಿ ಮಗ್ಗಲಕ ಜಾಗಾ ಬೇಕಾಗಿತ್ತೇನು?"

"ಬ್ಯಾಡಾಗಿತ್ತು" ಅಂದ ಗಿರಣಿಯವನು. ತನ್ನ ಹೆಂಡತಿಯನ್ನು ಹೂತ ಜಾಗವನ್ನು ಬೆರಳು ಮಾಡಿ ತೋರಿಸಿದ. ಆಕೆ ಅತ್ತೆಯ ಮಗ್ಗುಲು ಬೇಡವೆಂದಿದ್ದಳು, ಅದಕ್ಕೇ ಕೇಳುತ್ತಿದ್ದೇನೆ ಅಂದ.

ಕುಣಿಯವನು ತಲೆಯ ಮೇಲಿನ ವಸ್ತ್ರ ತೆಗೆದು ಮುಖ ಒರೆಸಿಕೊಂಡ. "ಆ ಬೈಯೂ ಅವ್ವಾರು ನಿಮ್ಮ ಮನಿಯವರೇನ್ರಿ? ವಿಮಾನದಾಗ ಮುಖಾ ನೋಡಿದ ಕೂಡಲೇ ನನಗ ಗುರುತು ಹತ್ತಿತು. ವರ್ಷಾ ವರ್ಷಾ ಹಿರಿಯರ ಅಮಾಸಿಗೆ ಬರತಿದ್ರು. ಆ ಎಡಗಡೆ ದಿಬ್ಬಕ್ಕ ಹೋಳಿಗಿ ಇಡತಿದ್ರು, ಮಗ್ಗಲಕ ಕುಂತು ಬೈತಿದ್ರು. ಇಷ್ಟು ವರ್ಷ ಬಿಡದ ಬಂದಾರ, ಇಲ್ಲೇ ಇರಲಿ ಪಾಪ ಅಂತ ನಾನ ಅಲ್ಲಿ ತೋಡಿದೆ."

"ಯಾರನ್ನ ಬೈತಿದ್ಲು?"

"ಅತ್ತೀ ಅಂತ ಕರದು ಶುರು ಮಾಡತಿದ್ರು. 'ಅತ್ತೀ, ನೀವೇನೋ ಆರಾಮ ಬಂದು ಕುಂತ್ರಿ. ನಿಮ್ಮ ಮಗಾ ಬಾಯೇ ಬಿಡೂದಿಲ್ಲ. ನಾ ಇನ್ನ ಯಾರ ಜೋಡಿ ಜಗಳಾ ಆಡ್ಲಿ?' ಅಂತಿದ್ರು."

"ಮತ್ತ ಮಗ್ಗಲಕ ಬ್ಯಾಡ ಅಂದಳಲ್ಲ" ಅಂದ ಗಿರಣಿಯವನು.

"ಅದನ್ನ ಅವರನ್ನ ಕೇಳಬೇಕ್ರಿ. ಬೇಕಾದ್ರ ತಗದು ಆ ಗ್ವಾಡಿ ಕಡೆ ಇಡೂಣು. ಖರೇ ಹೇಳಬೇಕಂದ್ರ ತೀರಾ ಹತ್ತಿಸಿ ಇಟ್ಟಿಲ್ಲರಿ. ನಡುವ ಅಷ್ಟು ಜಾಗಾ ಬಿಟ್ಟೇನಿ. ಅಲ್ಲೇ ಕುಂತು ಅವರು ಬೈತಿದ್ದದ್ದು. ಅವರು ಕುಂದ್ರೂ ಜಾಗಾ ಕಡಿಯಾಕ ನನಗ ಮನಸಾಗಲಿಲ್ಲ."

ಗಿರಣಿಯವನು ಆ ಜಾಗವನ್ನು ನೋಡುತ್ತ ನಿಂತ. ಒಬ್ಬರನ್ನು ಮಲಗಿಸುವಷ್ಟು ಇರಲಿಲ್ಲ. ತೆಗೆ ಅನ್ನಲಿಲ್ಲ, ಬಿಡು ಅನ್ನಲಿಲ್ಲ. ಮನೆಗೆ ಹೋದ. ಅಂದು ಗಿರಣಿಗೆ ಜೋಳ ತಂದವರನ್ನೆಲ್ಲ ನಾಳೆ ಬರ್ರಿ ಎಂದು ಕಳಿಸಿದ.

ಅಜ್ಜಾರು ಇಲ್ಲಿಗೆ ನಿಲ್ಲಿಸಿದರು.

"ಹಾಗಾದರೆ ಅವಳು ಅತ್ತೆಯ ಮಗ್ಗುಲಲ್ಲೇ ಉಳಿದಳು. ಅವನ ಮಾತು ತಪ್ಪಿತಲ್ಲ?" ಅಂದ ಶಿಷ್ಯ.

"ಮರುದಿನ ಬೆಳಿಗ್ಗೆ ಅವನು ಹೋಗಿ, ಇಬ್ಬರ ನಡುವಿನ ಆ ಜಾಗದಲ್ಲಿ ಕಾಲು ಮಡಚಿ ಕೂತು ನೋಡಿ, 'ನನಗ ಇಷ್ಟು ಸಾಕು, ಯಾರಿಗೂ ಕೊಡಬ್ಯಾಡ' ಎಂದು ಕುಣಿಯವನಿಗೆ ಹೇಳಿ ಬಂದ."